ಕರೆಂಟ್ ಹೋಗಿ ಬರುವ ಊರಿನಲ್ಲಿ ಟೆಸರಾಕ್ಟ್ ಕಂಪೈಲ್ ಮಾಡುವುದು ಹೇಗೆ?

ನಿಮ್ಮದು ಶಿರಸಿ ಹತ್ತಿರದ ಹಳ್ಳಿ, ಯುಪಿಎಸ್ ಇಲ್ಲದ 4 ಜಿಬಿ ರ‍್ಯಾಮಿನ ಡೆಸ್ಕ್‌ಟಾಪ್, ಉಬುಂಟು 22.04. ಹಳೇ ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್‌ನಿಂದ ಅಕ್ಷರ ತೆಗೆಯಲು ಟೆಸರಾಕ್ಟ್ 5 (ಚಿತ್ರದಲ್ಲಿರುವ ಅಕ್ಷರ ಓದುವ ಪ್ರೋಗ್ರಾಂ) ಬೇಕು. ಸೋರ್ಸ್ ಕೋಡನ್ನು ಕಂಪೈಲ್ ಮಾಡಿಸಿ, ಅಂದರೆ ಓಡುವ ಪ್ರೋಗ್ರಾಂ ಆಗಿಸಿ ಕಟ್ಟುವ ‘ಮೇಕ್’ ಒಮ್ಮೆ ‘ಕಿಲ್ಡ್’ ಎಂದು ನಿಂತಿದೆ, ಕರೆಂಟ್ ಹೋಗಿ ಬಂದ ಮೇಲೆ ‘ಫೈಲ್ ಟ್ರಂಕೇಟೆಡ್’ ಎಂದಿದೆ. ಎರಡೂ ಬೇರೆ ಬೇರೆ ತೊಂದರೆ.

ಮೊದಲಿಗೆ, ಉಬುಂಟು 24.04ಕ್ಕೆ ಹೋಗಲು ಸಾಧ್ಯವಿದ್ದರೆ ಕಂಪೈಲ್ ಬೇಡವೇ ಬೇಡ. ಅದರಲ್ಲಿ ಆಪ್ಟ್ (ಸಿದ್ಧ ಪ್ಯಾಕೇಜ್ ಹಾಕುವ ಉಬುಂಟು ಸಾಧನ) ಕೊಡುವುದೇ ಟೆಸರಾಕ್ಟ್ 5.3.4. 22.04ರಲ್ಲಿ ಸಿಗುವುದು 4.1.1.

‘ಕಿಲ್ಡ್’ ಬರುವುದು ರ‍್ಯಾಮ್ ಸಾಲದೆ. ‘ಮೇಕ್ -ಜೆ4’ ಕೊಟ್ಟರೆ ನಾಲ್ಕು ಸಿ ಪ್ಲಸ್ ಪ್ಲಸ್ ಫೈಲುಗಳು ಒಟ್ಟಿಗೇ ಕಂಪೈಲ್ ಆಗುತ್ತವೆ, ಒಂದೊಂದಕ್ಕೂ ನೂರಾರು ಎಂಬಿ ಬೇಕು. ಜಾಗ ಮುಗಿದಾಗ ಕರ್ನೆಲ್ (ಲಿನಕ್ಸಿನ ತಿರುಳು) ಕಂಪೈಲರನ್ನೇ ನಿಲ್ಲಿಸಿಬಿಡುತ್ತದೆ. ಬ್ರೌಸರ್ ಮುಚ್ಚಿ, 4 ಜಿಬಿ ಸ್ವಾಪ್ ಫೈಲ್ (ಡಿಸ್ಕಿನಲ್ಲೇ ಹೆಚ್ಚುವರಿ ಮೆಮೊರಿಯಾಗುವ ಜಾಗ) ಮಾಡಿ, ‘-ಜೆ2’ ಕೊಡಿ. ಆಗಲೂ ನಿಂತರೆ ‘-ಜೆ1’.

ಕರೆಂಟಿನ ವಿಷಯ ಇದಕ್ಕಿಂತ ಮೋಸದ್ದು. ಮೇಕ್ ನೋಡುವುದು ಫೈಲಿನ ಸಮಯವನ್ನು ಮಾತ್ರ, ಒಳಗೆ ಏನಿದೆ ಎಂದಲ್ಲ. ಅರ್ಧ ಬರೆದ ಆಬ್ಜೆಕ್ಟ್ ಫೈಲ್ (ಒಂದೊಂದು ಸೋರ್ಸ್ ಫೈಲ್ ಕಂಪೈಲ್ ಆಗಿ ಬಂದದ್ದು) ಹೊಸದಾಗಿ ಕಂಡರೆ ಅದನ್ನು ಮುಗಿದ ಕೆಲಸವೆಂದೇ ಬಿಟ್ಟು ಮುಂದೆ ಹೋಗುತ್ತದೆ. ಕೊನೆಯಲ್ಲಿ ಅವನ್ನೆಲ್ಲ ಜೋಡಿಸುವ ಲಿಂಕರ್ ‘ಫೈಲ್ ಟ್ರಂಕೇಟೆಡ್’ ಎಂದು ತಕರಾರು ತೆಗೆಯುತ್ತದೆ. ಕೆಟ್ಟ ಫೈಲು ಯಾವುದೆಂದು ಹುಡುಕುತ್ತ ಕೂರಬೇಡಿ, ‘ಮೇಕ್ ಕ್ಲೀನ್’ ಮಾಡಿ, ಕಂಪೈಲ್ ಆದದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಮೊದಲಿಂದ ಎಂದು ಹೆದರದಿರಲು ‘ಸಿಕ್ಯಾಶ್’ ಹಾಕಿಕೊಳ್ಳಿ, ಮೇಕ್‌ಗೂ ಮೊದಲು ಬಿಲ್ಡ್ ಸಿದ್ಧಪಡಿಸುವ ‘ಕಾನ್ಫಿಗರ್’ ಮಾಡುವಾಗ ‘ಸಿಎಕ್ಸ್ಎಕ್ಸ್="ಸಿಕ್ಯಾಶ್ ಜಿ++"’ ಎಂದು ಸೇರಿಸಿ. ಒಮ್ಮೆ ಕಂಪೈಲ್ ಆದದ್ದು ಅದರಲ್ಲಿ ಉಳಿದಿರುತ್ತದೆ, ಎರಡನೇ ಸಲ ಬೇಗ ಸಾಗುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲಿನವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಳೇ ಡೆಸ್ಕ್‌ಟಾಪಿನಲ್ಲಿ ಇನ್ನೊಂದು ನೋಡಿ. ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತದೆ. ನೆಟ್ ಇಲ್ಲದಿದ್ದರೆ ಸರಿಯಾಗುವುದೂ ಇಲ್ಲ. ಆಗ ಫೈಲುಗಳ ಸಮಯ ಗಡಿಯಾರಕ್ಕಿಂತ ಮುಂದಿರುತ್ತದೆ. ಮೇಕ್ ‘ಕ್ಲಾಕ್ ಸ್ಕ್ಯೂ’ ಎಂದು ಎಚ್ಚರಿಸಿದರೆ ಸೆಲ್ ಬದಲಿಸಿ.

ಕಾನ್ಫಿಗರ್‌ಗೆ ಮೊದಲು ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಪಿಕೆಜಿ-ಕಾನ್ಫಿಗ್ ಜೊತೆಗೆ ‘ಲಿಬ್‌ಲೆಪ್ಟೋನಿಕಾ-ಡೆವ್’ ಹಾಕಿರಬೇಕು. ಲೆಪ್ಟೋನಿಕಾ ಎಂದರೆ ಟೆಸರಾಕ್ಟ್ ಚಿತ್ರ ತೆರೆಯಲು ಬಳಸುವ ಲೈಬ್ರರಿ, ‘ಡೆವ್’ ಪ್ಯಾಕೇಜ್ ಕಂಪೈಲ್ ಮಾಡಲು ಬೇಕಾದ ಭಾಗ. ಲೆಪ್ಟೋನಿಕಾವನ್ನೂ ಸೋರ್ಸ್‌ನಿಂದ ಕಟ್ಟಿಕೊಳ್ಳುವವರು ಪಿಎನ್‌ಜಿ, ಜೆಪೆಗ್, ಟಿಫ್‌ಗಳ ಡೆವ್ ಪ್ಯಾಕೇಜ್ ಮರೆತರೆ ಬಿಲ್ಡ್ ತಕರಾರಿಲ್ಲದೆ ಮುಗಿಯುತ್ತದೆ, ಚಿತ್ರ ಮಾತ್ರ ತೆರೆಯುವುದಿಲ್ಲ. ‘ಟೆಸರಾಕ್ಟ್ --ವರ್ಷನ್’ ಕೊಟ್ಟರೆ ಯಾವ್ಯಾವುದು ಸೇರಿದೆ ಎಂದು ತೋರಿಸುತ್ತದೆ.

‘ಸುಡೊ ಮೇಕ್ ಇನ್‌ಸ್ಟಾಲ್’ ಆದ ಮೇಲೆ ‘ಸುಡೊ ಎಲ್‌ಡಿಕಾನ್ಫಿಗ್’ ಬಿಡಬೇಡಿ. ಹೊಸ ಲೈಬ್ರರಿಯ ಗುರುತನ್ನು ಲಿನಕ್ಸಿಗೆ ತಿಳಿಸುವುದು ಅದೇ. ಬಿಟ್ಟರೆ ಟೆಸರಾಕ್ಟ್ ಲೈಬ್ರರಿ ಸಿಗಲಿಲ್ಲ ಎನ್ನುತ್ತದೆ. ಕನ್ನಡ ಅಕ್ಷರ ಗುರುತಿಸಲು ಬೇಕಾದ ‘ಕೆಎಎನ್’ ಟ್ರೇನ್ಡ್‌ಡೇಟಾ ಸೋರ್ಸ್ ಜೊತೆ ಬರುವುದಿಲ್ಲ. ಟೆಸ್‌ಡೇಟಾ ಬೆಸ್ಟ್ ಭಂಡಾರದಿಂದ ಇಳಿಸಿ, ಯುಎಸ್‌ಆರ್-ಲೋಕಲ್-ಶೇರ್ ಒಳಗಿನ ಟೆಸ್‌ಡೇಟಾ ಫೋಲ್ಡರಿಗೆ ಹಾಕಿ. ಪುಟಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಅದಕ್ಕಿಂತ ಕಡಿಮೆಯಾದರೆ ಮೊದಲು ತಪ್ಪುವುದು ಒತ್ತಕ್ಷರಗಳೇ.