ಫಿಲಡೆಲ್ಫಿಯಾಕ್ಕೆ ಒಂದು ದಿನ ಸಾಕಾ ಅಂತ ಕೇಳಿದವರಿಗೆ

ಜೂನ್‌ನಲ್ಲಿ ಶ್ರೀರಂಗಪಟ್ಟಣದಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಫಿಲಡೆಲ್ಫಿಯಾಕ್ಕೆ ಒಂದು ದಿನ ಸಾಕಾ, ಆ ಬಿರುಕು ಬಿಟ್ಟ ಗಂಟೆ (ಲಿಬರ್ಟಿ ಬೆಲ್) ಬಿಟ್ಟರೆ ಏನಿದೆ ಅಂತ ಕೇಳಿದ್ದೀರಿ. ಒಂದು ದಿನ ಸಾಕು. ನಾವೆಲ್ಲ ಬಂದ ಹೊಸದರಲ್ಲಿ ಗಂಟೆ ಮುಂದೆ ಫೋಟೋ ಹೊಡೆದುಕೊಂಡು ಸೀದಾ ನಯಾಗರಾ ದಾರಿ ಹಿಡಿಯುತ್ತಿದ್ದೆವು. ನೀವು ಹಾಗೆ ಮಾಡಬೇಡಿ.

ಮೊದಲು ಇಂಡಿಪೆಂಡೆನ್ಸ್ ಹಾಲ್ ನೋಡಿಕೊಳ್ಳಿ, ಅಮೆರಿಕದ ಸ್ವಾತಂತ್ರ್ಯ ಘೋಷಣೆ, ಸಂವಿಧಾನ ಎರಡಕ್ಕೂ ಸಹಿ ಬಿದ್ದ ಕಟ್ಟಡ ಅದು. ಬೇಸಿಗೆಯಲ್ಲಿ ಸಮಯ ನಿಗದಿಯಾದ ಟಿಕೆಟ್ ಬೇಕು, ಆನ್‌ಲೈನ್‌ನಲ್ಲಿ ಮೊದಲೇ ಕಾದಿರಿಸಿ. ಅವತ್ತೇ ಹೋಗಿ ಕೇಳಿದರೆ ಸಿಗೋದು ಕಷ್ಟ. ತಪಾಸಣೆಗೆ ಅರ್ಧ ಗಂಟೆ ಮುಂಚೆ ಹೋಗಿ. ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಹಣ್ಣು ಕೊಯ್ಯೋ ಚಾಕು ಇದ್ದೇ ಇರುತ್ತೆ, ಮನೆಯಲ್ಲೇ ತೆಗೆದಿಡಿ. ಒಳಗೆ 1787ರಲ್ಲಿ ಸಂವಿಧಾನ ಸಭೆ ನಡೆಸುವಾಗ ಜಾರ್ಜ್ ವಾಷಿಂಗ್ಟನ್ ಕೂತ ಕುರ್ಚಿ ಇದೆ. ಬೆನ್ನಿನ ಮೇಲ್ಭಾಗದಲ್ಲಿ ಅರ್ಧ ಸೂರ್ಯನ ಕೆತ್ತನೆ ಇದೆ, ತೋರಿಸಿ. ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿ ಇಲ್ಲಿಲ್ಲ, ಅದು ವಾಷಿಂಗ್ಟನ್ ಡಿ.ಸಿ.ಯಲ್ಲಿದೆ, ಅಪ್ಪ ಕೇಳೇ ಕೇಳ್ತಾರೆ.

ಗಂಟೆ ನೋಡೋಕೆ ಟಿಕೆಟ್ ಇಲ್ಲ, ಸಾಲು ಮಾತ್ರ. ಎಲ್ಲರೂ ಫೋಟೋ ತೆಗೆಯೋ ಆ ಅಗಲದ ಸೀಳು ಬಿರುಕಲ್ಲ, ರಿಪೇರಿ. ಕೂದಲೆಳೆಯಂಥ ಬಿರುಕಿನ ಅಂಚುಗಳು ಒಂದಕ್ಕೊಂದು ಉಜ್ಜದಿರಲಿ ಅಂತ ಉದ್ದಕ್ಕೂ ಕೊರೆದು ಅಗಲ ಮಾಡಿದರು. ಡ್ರಿಲ್ ಗುರುತು ಈಗಲೂ ಕಾಣುತ್ತೆ. 1846ರಲ್ಲಿ ವಾಷಿಂಗ್ಟನ್ ಹುಟ್ಟುಹಬ್ಬಕ್ಕೆ ಬಾರಿಸಿದಾಗ ಆ ಸೀಳಿನ ಮೇಲ್ತುದಿಯಿಂದ ಮತ್ತೊಂದು ಸಣ್ಣ ಬಿರುಕು ಹೊರಟಿತು. ಗಂಟೆಯ ಬಾಯಿ ಕಟ್ಟಿಸಿದ್ದು ಅದು.

ಗಂಟೆಯ ಕಟ್ಟಡದ ಪಕ್ಕದಲ್ಲೇ, ಆರನೇ ಬೀದಿ ಮತ್ತು ಮಾರ್ಕೆಟ್ ಬೀದಿ ಸೇರುವಲ್ಲಿ, ಸೂರಿಲ್ಲದ ಇಟ್ಟಿಗೆ ಗೋಡೆಗಳಿವೆ. ಫಿಲಡೆಲ್ಫಿಯಾ ದೇಶದ ರಾಜಧಾನಿಯಾಗಿದ್ದಾಗ ಅಧ್ಯಕ್ಷರ ಮನೆ ಇದ್ದ ಜಾಗ ಅದು. ನಮ್ಮವರು ಅದನ್ನು ಹಾಗೇ ದಾಟಿ ಹೋಗ್ತಾರೆ, ನನಗೆ ಈಗಲೂ ಹೊಟ್ಟೆ ಉರಿಯೋದು ಇದಕ್ಕೇ. ಅಧ್ಯಕ್ಷರಾಗಿದ್ದಾಗ ವಾಷಿಂಗ್ಟನ್ ಇಲ್ಲಿ ಒಂಬತ್ತು ಗುಲಾಮರನ್ನು ಇಟ್ಟುಕೊಂಡಿದ್ದರು. ಪೆನ್ಸಿಲ್ವೇನಿಯಾದ 1780ರ ಕಾಯ್ದೆ ಪ್ರಕಾರ ಹೊರಗಿನಿಂದ ತಂದ ಗುಲಾಮ ಆರು ತಿಂಗಳು ಇಲ್ಲೇ ಉಳಿದರೆ ಬಿಡುಗಡೆ ಕೇಳಬಹುದಿತ್ತು. ಹಾಗಾಗಿ ಆರು ತಿಂಗಳು ತುಂಬುವ ಮೊದಲೇ ಅವರನ್ನು ರಾಜ್ಯದಾಚೆ ಕಳಿಸಿ ವಾಪಸ್ ಕರೆಸುತ್ತಿದ್ದರು. ಓನಾ ಜಡ್ಜ್ ಅನ್ನೋ ಹೆಣ್ಣುಮಗಳು 1796ರ ಮೇ 21ರಂದು, ಮನೆಯವರು ಊಟಕ್ಕೆ ಕೂತಿದ್ದಾಗ, ಬಾಗಿಲು ದಾಟಿ ಹೋದಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಹುಡುಕಿಸಿದರೂ ಮತ್ತೆ ಕೈಗೆ ಸಿಗಲಿಲ್ಲ. ಗಂಟೆಗೆ ಸಾಲಿನಲ್ಲಿ ನಿಲ್ಲುವ ಮೊದಲು ಇದನ್ನು ಹೇಳಿಬಿಡಿ.

ಇನ್ನೊಂದು ನಿಮ್ಮ ಊರಿನವರಿಗೇ. ಮಾರ್ಕೆಟ್ ಬೀದಿಯಲ್ಲಿ ಪೂರ್ವಕ್ಕೆ ನಡೆದರೆ ಡೆಲಾವೇರ್ ನದಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರಿಂದ ವ್ಯಾಪಾರದ ಹಡಗುಗಳನ್ನು ಕಾಯೋಕೆ ಪೆನ್ಸಿಲ್ವೇನಿಯಾದವರು ಸಜ್ಜು ಮಾಡಿದ ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. ಆಗ ನಮ್ಮ ಹೈದರ್ ಅತ್ತ ಅದೇ ಬ್ರಿಟಿಷರ ಜೊತೆ ಕಾದಾಡುತ್ತಿದ್ದ. 1782ರ ಏಪ್ರಿಲ್ 8ರಂದು ನದಿ ಸಮುದ್ರ ಸೇರುವ ಕಡೆ ಅದು ತನಗಿಂತ ದೊಡ್ಡ ತೋಪುಗಳಿದ್ದ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಅರ್ಧ ಗಂಟೆಯೊಳಗೆ ಹಿಡಿಯಿತು. ಕಪ್ತಾನ ಜೋಶುವಾ ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದ: ನಾನು ಕೂಗಿದ್ದಕ್ಕೆ ಉಲ್ಟಾ ತಿರುಗಿಸು. ಆ ಕೂಗು ನಂಬಿದ ಶತ್ರು ಮೋಸ ಹೋದ. ಅದೇ ಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಹೋದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ ಹತ್ತು ವರ್ಷದ ಮೇಲೆ ನಿಮ್ಮೂರ ಕೋಟೆ ಮುಂದೆ ಬಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡದ್ದು. ಅಪ್ಪನಿಗೆ ಅದನ್ನು ನೀವು ಹೇಳಬೇಕಿಲ್ಲ.

ಮೊಸರನ್ನ ಕಟ್ಟಿಕೊಂಡು ಹೋಗಿ, ಹಾಲ್ ಎದುರಿನ ಹುಲ್ಲಿನ ಮೇಲೆ ಕೂತು ತಿನ್ನಬಹುದು. ವಿಸಿಟರ್ ಸೆಂಟರ್‌ನಲ್ಲೇ ಶೌಚಾಲಯಕ್ಕೆ ಹೋಗಿಬಿಡಿ. ಪಾಸ್‌ಪೋರ್ಟ್ ಇರುವ ಬ್ಯಾಗನ್ನು ಕಾರಿನ ಸೀಟಿನ ಮೇಲೆ ಬಿಡಬೇಡಿ, ಗಾಜು ಒಡೆಯೋದು ಇಲ್ಲಿ ಮಾಮೂಲಿ.