ಹಳೇ ಲ್ಯಾಪ್‌ಟಾಪ್, ಅಷ್ಟಕ್ಕಷ್ಟೇ ಇಂಗ್ಲಿಷ್: ಕೋಡಿಂಗ್ ಕಲಿಯೋಕೆ ಯಾವ ಓಪನ್ ಸೋರ್ಸ್ ಟೂಲ್ ಹಿಡಿಯಲಿ?

ಪ್ರಶ್ನೆ: ನಾನು ಮೊಳಕಾಲ್ಮೂರಿನವನು. ಬಿ.ಕಾಂ. ಮುಗಿದಿದೆ. 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಕೋಡಿಂಗ್ ಕಲಿಯಬೇಕು, ಹವ್ಯಾಸಕ್ಕೆ ಸ್ವಲ್ಪ ಎಲೆಕ್ಟ್ರಾನಿಕ್ಸ್ ಕೂಡ. ಕೋರ್ಸ್‌ಗೆ ಕಟ್ಟೋಕೆ ದುಡ್ಡಿಲ್ಲ. ಉಚಿತ ಟೂಲ್‌ಗಳ ಪಟ್ಟಿ ಕೊಡ್ತೀರಾ?

ಉತ್ತರ:

ಪಟ್ಟಿ ಕೊಟ್ಟರೆ ನೀವು ಸೇವ್ ಮಾಡಿಟ್ಟು ಮರೆತುಬಿಡುತ್ತೀರಿ. ನಾನೂ ಅದನ್ನೇ ಮಾಡಿದ್ದೆ. ಬುಕ್‌ಮಾರ್ಕ್ ನೂರು, ಬರೆದ ಪ್ರೋಗ್ರಾಂ ಸೊನ್ನೆ. ಅದಕ್ಕೇ ನಾನು ದಿನಾ ಬಳಸುವ ನಾಲ್ಕೈದನ್ನು ಮಾತ್ರ ಹೇಳುತ್ತೇನೆ. ಅವು ನನ್ನ ಕೈಗೆ ಹೇಗೆ ಬಂದವು ಅನ್ನೋದನ್ನೂ ಹೇಳುತ್ತೇನೆ.

ನಾನು ಇಂಜಿನಿಯರ್ ಅಲ್ಲ. ದಾವಣಗೆರೆಯಲ್ಲಿ ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿ ಟೈಪಿಂಗ್, ಜೆರಾಕ್ಸ್, ಇಷ್ಟೇ. ಆರು ವರ್ಷದ ಹಿಂದೆ ಒಂದು ಸಂಘದವರು ಪೆನ್‌ಡ್ರೈವ್ ಹಿಡಿದು ಬಂದರು. ಅದರಲ್ಲಿ ಸದಸ್ಯರ ಪಟ್ಟಿ, 1,400 ಹೆಸರು, ವಿಳಾಸ ಸಮೇತ. ಎಲ್ಲಾ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅವರಿಗೆ ಅದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತದಲ್ಲಿ, ಬೇಕಿತ್ತು, ಅದೂ ಸೋಮವಾರದೊಳಗೆ.

ಹಳೇ ನುಡಿ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ್ದೀರಾ? "ಕನ್ನಡ" ಅನ್ನೋ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ ಅಕ್ಷರ, ತಲೆ ಮೇಲೆ ಗೀಟು ಹೊತ್ತ ಎ, ಪೌಂಡ್ ಚಿಹ್ನೆ, ಹೀಗೆ ಏನೇನೋ ಕಾಣುತ್ತದೆ. ಫೈಲ್ ಕೆಟ್ಟಿರುವುದಿಲ್ಲ. ಒಳಗೆ ಇರೋದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಅದಕ್ಕೆ ಕನ್ನಡದ ವೇಷ ಹಾಕೋದು ಫಾಂಟ್ ಅಷ್ಟೇ. ಪಿ ಅಂದರೆ ಕ ಅಕ್ಷರದ ಮೈ, ಗೀಟಿನ ಎ ಅಂದರೆ ತಲಕಟ್ಟು.

ಹಾಗಾದರೆ ಒಂದೊಂದನ್ನೇ ಬದಲಿಸುವ ಪ್ರೋಗ್ರಾಂ ಬರೆದರಾಯಿತು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬರುತ್ತಿದ್ದದ್ದು ಅಲ್ಪಸ್ವಲ್ಪ. ಶುಕ್ರವಾರ ರಾತ್ರಿ ಅಂಗಡಿ ಶಟರ್ ಅರ್ಧ ಎಳೆದುಕೊಂಡು ಕೂತೆ. ಬೆಳಗಿನ ಜಾವ ಪಟ್ಟಿ ಹೊರಗೆ ಬಂತು. ನೋಡಿದರೆ ಕರ್ನಾಟಕ ಹೋಗಿ "ಕನಾರ್ಟಕ" ಆಗಿದೆ. ಚಿತ್ರದುರ್ಗ "ಚಿತ್ರದುಗರ್" ಆಗಿದೆ.

ಅರ್ಕಾವತ್ತಿನ ಆಟ ಅದು. ಕೈಯಲ್ಲಿ ಬರೆಯುವಾಗ ನಾವು ಅದನ್ನು ಅಕ್ಷರ ಆದಮೇಲೆ ಇಡುತ್ತೇವೆ. ಹಳೇ ಫಾಂಟ್‌ನಲ್ಲೂ ಅದು ಹಾಗೇ ಕೂತಿರುತ್ತದೆ: ಮೊದಲು ಗ, ಆಮೇಲೆ ಅರ್ಕಾವತ್ತು. ಯೂನಿಕೋಡ್ ಮಾತ್ರ ಬಾಯಲ್ಲಿ ಹೇಳುವ ಕ್ರಮ ಕೇಳುತ್ತದೆ: ಮೊದಲು ರ್, ಆಮೇಲೆ ಗ. ಎಡದಿಂದ ಬಲಕ್ಕೆ ಸುಮ್ನೆ ಬದಲಿಸುತ್ತಾ ಹೋದರೆ ದುರ್ಗ ಉಳಿಯುವುದಿಲ್ಲ.

ಶನಿವಾರ ಹುಡುಕಿದಾಗ ಅರವಿಂದ ವಿ.ಕೆ. ಅವರು ಬರೆದ ಆಸ್ಕಿ-ಯೂನಿಕೋಡ್ ಪರಿವರ್ತಕ (ಹಳೇ ಫಾಂಟ್‌ನ ಪಠ್ಯವನ್ನು ಯೂನಿಕೋಡ್ ಮಾಡುವ ಟೂಲ್) ಸಿಕ್ಕಿತು. ಗುಬ್ಬಿ, ನವಿಲು ಫಾಂಟ್‌ಗಳನ್ನು ಮಾಡಿದವರೂ ಅವರೇ. ಪಠ್ಯ ಅಂಟಿಸಿದರೆ ಯೂನಿಕೋಡ್ ಬರುತ್ತದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆದರೆ ಅದರ ಕೋಡ್ ಕೂಡ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ, ಎಲ್ಲರಿಗೂ ಕಾಣುವಂತೆ ಇತ್ತು. ಚಹಾ ಕುಡಿಯುತ್ತಾ ಓದಿದೆ. ಅರ್ಕಾವತ್ತಿಗೆ ಅಂತಲೇ ಬೇರೆ ಏರ್ಪಾಡು. ಅದು ಸಿಕ್ಕ ಕೂಡಲೇ ಆಗಲೇ ಬರೆದ ಅಕ್ಷರಕ್ಕೆ ವಾಪಸ್ ಹೋಗಿ, ಅದಕ್ಕಿಂತ ಮೊದಲು ರ್ ಕೂರಿಸಬೇಕು. ನಾನು ಇಡೀ ರಾತ್ರಿ ತಲೆ ಕೆಡಿಸಿಕೊಂಡಿದ್ದು ಕೆಲವೇ ಸಾಲಿನಲ್ಲಿ ಕಣ್ಣೆದುರು ಇತ್ತು. ಓಪನ್ ಸೋರ್ಸ್ ಅಂದರೆ ಪುಕ್ಕಟೆ ಅಂತಷ್ಟೇ ತಿಳಿದಿದ್ದೆ. ಯಂತ್ರದ ಮುಚ್ಚಳ ತೆಗೆದು ಒಳಗೆ ನೋಡಬಹುದು ಅನ್ನೋದು ಆವತ್ತು ಗೊತ್ತಾಯಿತು.

ಈಗ ನಿಮ್ಮ ಲ್ಯಾಪ್‌ಟಾಪ್ ವಿಷಯ. 4 ಜಿಬಿ ಸಾಕು. ವಿಂಡೋಸ್ 10 ಇದ್ದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆಯೇ ಒಂದು ವಾರ ಓಡಿಸಿ ನೋಡಿ. ಒಗ್ಗಿದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಅದಕ್ಕೆ ಮುಂಚೆ ಫೋಟೋ, ಮಾರ್ಕ್ಸ್‌ಕಾರ್ಡ್ ಎಲ್ಲಾ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಇದನ್ನು ಹೇಳೋಕೆ ನನಗೆ ಕಾರಣ ಇದೆ, ಕೇಳಬೇಡಿ. ಕನ್ನಡ ಟೈಪಿಂಗ್‌ಗೆ ಐಬಸ್ ಎಂ17ಎನ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ. ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಪೈಥಾನ್ ಬರೆದು ಓಡಿಸೋಕೆ ಥಾನಿ ಅನ್ನೋ ಎಡಿಟರ್ ಹಾಕಿಕೊಳ್ಳಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆ ಅಂತಲೇ ಮಾಡಿದ್ದು. ಹಗುರ. ಡಿಬಗ್ ಒತ್ತಿದರೆ ಒಂದೊಂದೇ ಹೆಜ್ಜೆಗೆ ಲೆಕ್ಕ ಹೇಗೆ ನಡೆಯುತ್ತದೆ ಅಂತ ತೋರಿಸುತ್ತದೆ. ಎಲ್ಲರೂ ವಿಎಸ್ ಕೋಡ್ ಅನ್ನುತ್ತಾರೆ. ಒಳ್ಳೇದೇ. ಆದರೆ ನಿಮ್ಮ ಮಷಿನ್‌ಗೆ ಈಗಲೇ ಆ ಭಾರ ಬೇಡ.

ಥಾನಿ ಹಾಕಿಕೊಂಡ ಮೇಲೆ ಮೊದಲು ಇದನ್ನು ಮಾಡಿ. ಪೈಥಾನ್‌ನಲ್ಲಿ ಲೆನ್ ಅಂತ ಒಂದು ಫಂಕ್ಷನ್ ಇದೆ, ಪದದ ಉದ್ದ ಹೇಳುತ್ತದೆ. "ದಾವಣಗೆರೆ" ಎಷ್ಟು ಅಂತ ಕೇಳಿ. ನಮ್ಮ ಲೆಕ್ಕಕ್ಕೆ ದಾ-ವ-ಣ-ಗೆ-ರೆ, ಐದು. ಪೈಥಾನ್ 8 ಅನ್ನುತ್ತದೆ. ಅದಕ್ಕೆ ದ ಬೇರೆ, ಅದರ ದೀರ್ಘ ಬೇರೆ. ಗ ಬೇರೆ, ಎತ್ವ ಬೇರೆ. ಅದನ್ನೇ ಯುಟಿಎಫ್-8ಗೆ (ಯೂನಿಕೋಡನ್ನು ಫೈಲ್‌ನಲ್ಲಿ ಬೈಟ್‌ಗಳಾಗಿ ಇಡುವ ಕ್ರಮ) ಬದಲಿಸಿ ಅಳೆದರೆ 24 ಬೈಟ್, ಒಂದೊಂದಕ್ಕೆ ಮೂರು. "ಚಿತ್ರದುರ್ಗ" ಕೇಳಿದರೆ ನಮಗೆ ನಾಲ್ಕು ಅಕ್ಷರ, ಅದಕ್ಕೆ 10. ಇಂಗ್ಲಿಷ್ ಹೆಸರು ಹಾಕಿ ಕಲಿಯುವವರಿಗೆ ಈ ತೊಡಕು ಎದುರಾಗೋದೇ ಇಲ್ಲ. ಸ್ಟ್ರಿಂಗ್, ಬೈಟ್, ಎನ್‌ಕೋಡಿಂಗ್ ಅನ್ನೋದು ಅವರಿಗೆ ಬರೀ ಪಾಠ. ನಮಗೆ ದಿನದ ಕಿರಿಕಿರಿ, ಹಾಗಾಗಿ ಬೇಗ ತಲೆಗೆ ಹೋಗುತ್ತದೆ.

ಇನ್ನೊಂದು ಕಿರಿಕಿರಿ ಈಗಲೇ ಹೇಳಿಬಿಡುತ್ತೇನೆ. ಪೈಥಾನ್‌ನಿಂದ ಕನ್ನಡದ ಸಿಎಸ್‌ವಿ ಫೈಲ್ ಬರೆದು ಎಕ್ಸೆಲ್‌ನಲ್ಲಿ ತೆರೆದರೆ ಕಸ ಕಾಣಬಹುದು. ಫೈಲ್ ಬರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8-ಸಿಗ್ ಅಂತ ಕೊಡಿ, ಸರಿಹೋಗುತ್ತದೆ. ಬಿ.ಕಾಂ. ಮಾಡಿದವರಿಗೆ ಎಕ್ಸೆಲ್ ಬಿಟ್ಟು ಬದುಕಿಲ್ಲ, ಬೇಕಾಗುತ್ತದೆ.

ಕಲಿಯೋಕೆ ಎಲ್ಲಿ? ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿನಕ್ಸ್, ಲಿಬ್ರೆಆಫೀಸ್ ಪಾಠಗಳು ಕನ್ನಡದಲ್ಲೇ ಇವೆ. ಒಂದೊಂದು ಸುಮಾರು ಹತ್ತು ನಿಮಿಷ. ಭಾಷೆ ಕೊಂಚ ಪುಸ್ತಕದ ಹಾಗಿದೆ, ಆದರೆ ಕೇಳುತ್ತಾ ಜೊತೆಜೊತೆಗೇ ಮಾಡಬಹುದು. ಇಂಗ್ಲಿಷ್ ಸ್ವಲ್ಪ ಧೈರ್ಯ ಬಂದಮೇಲೆ ಹಾರ್ವರ್ಡ್‌ನ ಸಿಎಸ್50 ಸರಣಿಯ ಪೈಥಾನ್ ಕೋರ್ಸ್ ಮಾಡಿ, ಪಾಠಕ್ಕೆ ದುಡ್ಡಿಲ್ಲ. ಸಬ್‌ಟೈಟಲ್ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ. ವೆಬ್‌ಸೈಟ್ ಮಾಡುವ ಆಸೆ ಇದ್ದರೆ ಫ್ರೀಕೋಡ್‌ಕ್ಯಾಂಪ್. ಮೂರನ್ನೂ ಒಟ್ಟಿಗೆ ಶುರು ಮಾಡಬೇಡಿ. ದುಡ್ಡು ಕಟ್ಟುವ ಕೋರ್ಸ್ ಬಗ್ಗೆ ಕೊರಗಬೇಡಿ. ನಾನು ಒಂದು ಕಡೆ ಆರು ತಿಂಗಳಿಗೆ ಕಟ್ಟಿದ್ದೆ. ನೋಟ್ಸ್ ಬರೆಸಿದರು, ಪ್ರೋಗ್ರಾಂ ಬರೆಸಲಿಲ್ಲ.

ಗಿಟ್ ಬೇಗ ಕಲಿಯಿರಿ. ಕೋಡ್‌ನಲ್ಲಿ ಮಾಡಿದ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಟೂಲ್ ಅದು. ಲಿನಕ್ಸ್‌ನ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್‌ನ ಕೆಲಸಕ್ಕೆ ಅಂತಲೇ ಮಾಡಿದ್ದು. ನಿಮಗೆ ಸದ್ಯಕ್ಕೆ ಮೂರೇ ಕಮಾಂಡ್ ಸಾಕು: ಇನಿಟ್, ಆ್ಯಡ್, ಕಮಿಟ್. ನಿನ್ನೆ ಓಡುತ್ತಿದ್ದ ಪ್ರೋಗ್ರಾಂ ಇವತ್ತು ಕೈಕೊಟ್ಟಾಗ ಅದರ ಬೆಲೆ ಗೊತ್ತಾಗುತ್ತದೆ.

ಹಳೇ ಕಾಗದ ಸ್ಕ್ಯಾನ್ ಮಾಡಿ ಪಠ್ಯ ತೆಗೆಯೋಕೆ ಟೆಸೆರಾಕ್ಟ್ ಇದೆ. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಓಪನ್ ಸೋರ್ಸ್ ಆಯಿತು. ಕನ್ನಡದ ಕಡತವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅಚ್ಚುಕಟ್ಟಾದ ಮುದ್ರಣ ಇದ್ದರೆ ಚೆನ್ನಾಗಿ ಓದುತ್ತದೆ. ಒತ್ತಕ್ಷರ ಮಸುಕಾಗಿದ್ದರೆ ಎಡವುತ್ತದೆ. ಕೈಬರಹ ಕೊಡಲೇಬೇಡಿ.

ಎಲೆಕ್ಟ್ರಾನಿಕ್ಸ್‌ನಲ್ಲಿ ನನ್ನ ಅನುಭವ ಮನೆಯ ನೀರಿನ ಟ್ಯಾಂಕ್ ಒಂದೇ. ಆರ್ಡುಯಿನೊ ಊನೊ ಅಂತ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ಇದೆ. ಅದರ ವಿನ್ಯಾಸವೂ ಓಪನ್, ಹಾಗಾಗಿ ಅಗ್ಗದ ಪ್ರತಿಗಳು ಧಾರಾಳ. ಜೊತೆಗೆ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್ ಸಾಕು. ಅದು ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ಬಂದ ಮೈಕ್ರೋಸೆಕೆಂಡನ್ನು 58ರಿಂದ ಭಾಗಿಸಿದರೆ ದೂರ ಸೆಂಟಿಮೀಟರ್‌ನಲ್ಲಿ ಸಿಗುತ್ತದೆ. ನನ್ನ ಮೊದಲ ಸೆನ್ಸರ್ ಟ್ಯಾಂಕ್ ಒಳಗಿನ ತೇವಕ್ಕೆ ಸತ್ತಿತು. ಟ್ಯಾಂಕ್‌ಗೆ ವಾಟರ್‌ಪ್ರೂಫ್ ನಮೂನೆಯದನ್ನೇ ಕೊಳ್ಳಿ. ಲಿನಕ್ಸ್‌ನಲ್ಲಿ ಬೋರ್ಡ್ ಚುಚ್ಚಿದಾಗ ಪರ್ಮಿಷನ್ ಡಿನೈಡ್ ಅಂದರೆ ಬೋರ್ಡ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ನಿಮ್ಮ ಯೂಸರನ್ನು, ಬೋರ್ಡ್ ಬಳಸೋಕೆ ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್ಔಟ್ ಆಗಿ ಬನ್ನಿ.

ಸದ್ಯಕ್ಕೆ ಥಾನಿ ಒಂದನ್ನೇ ಹಾಕಿಕೊಂಡು ನಿಮ್ಮ ಊರಿನ ಹೆಸರಿನ ಉದ್ದ ಕೇಳಿ. ಮೊಳಕಾಲ್ಮೂರು ಅಂದರೆ 11 ಬರಬೇಕು. 12 ಬಂದರೂ ಗಾಬರಿಯಾಗಬೇಡಿ. "ಮೊ" ಅನ್ನೋದರ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ಕೊಂಬಿನ ದೀರ್ಘ ಸೇರಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಮಾತ್ರ ಒಂದಕ್ಕೆ ಇನ್ನೊಂದು ಸಿಗಲ್ಲ. ಪೈಥಾನ್ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಅಂತ ಇದೆ, ಎರಡನ್ನೂ ಒಂದೇ ರೂಪಕ್ಕೆ ತರೋಕೇ ಇರೋದು. ನಿಮ್ಮದರಲ್ಲಿ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ.