ಮುಸ್ಸಂಜೆಯಲ್ಲಿ ಎಡವುವ ಮಗುವಿಗೆ ಕ್ಯಾರೆಟ್ ಸಾಕೇ?

ನಿಮ್ಮ ನಾಲ್ಕು ವರ್ಷದ ಮಗ ದೀಪ ಹಚ್ಚುವ ಹೊತ್ತಿಗೆ ಅಂಗಳದಿಂದ ಒಳಗೆ ಬರುವಾಗ ಹೊಸ್ತಿಲು ಎಡವುತ್ತಾನೆ, ಕಣ್ಣಿನ ಬಿಳಿಯಲ್ಲಿ ಬೂದು ಬಣ್ಣದ ಕಲೆಯೊಂದು ಕಾಣುತ್ತಿದೆ, ಇದು ವಿಟಮಿನ್ ಎ ಕೊರತೆಯೇ, ದಿನವೂ ಕ್ಯಾರೆಟ್ ಕೊಟ್ಟರೆ ಸರಿಹೋಗುವುದೇ ಎಂದು ಮಂಗಳೂರಿನಿಂದ ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಉಡುಪಿಯ ಸುತ್ತಲಿನ ಹಳ್ಳಿಗಳಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ನೀವು ಬರೆದ ಎರಡೂ ಲಕ್ಷಣಗಳು ಒಟ್ಟಿಗೆ ಇರುವುದರಿಂದ ಕ್ಯಾರೆಟ್ಟಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ನಾಳೆಯೇ ಮಗುವನ್ನು ಕಣ್ಣಿನ ವೈದ್ಯರಿಗೋ ಮಕ್ಕಳ ವೈದ್ಯರಿಗೋ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಬ್ಬು ಬೆಳಕಿನಲ್ಲಿ ಕಾಣಬೇಕಾದರೆ ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಇರಬೇಕು, ಅದು ತಯಾರಾಗುವುದು ವಿಟಮಿನ್ ಎಯಿಂದ. ದೇಹವು ಈ ವಿಟಮಿನ್ನನ್ನು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುತ್ತದೆಯಾದ್ದರಿಂದ, ಇರುಳುಗುರುಡು ಕಾಣಿಸಿಕೊಳ್ಳುವ ವೇಳೆಗೆ ಆ ಸಂಗ್ರಹ ಬಹುಮಟ್ಟಿಗೆ ಬರಿದಾಗಿರುತ್ತದೆ. ಕರಿಗುಡ್ಡೆಯ ಪಕ್ಕದಲ್ಲಿ, ಸಾಮಾನ್ಯವಾಗಿ ಕಿವಿಯ ಕಡೆಯ ಬದಿಯಲ್ಲಿ, ಸಾಬೂನಿನ ನೊರೆ ಒಣಗಿ ಅಂಟಿದಂತೆ ಕಾಣುವ ಕಲೆಗೆ ಬಿಟಾಟ್ ಕಲೆ ಎನ್ನುತ್ತಾರೆ. ಇದಾದ ಮೇಲೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಒಣಗಿ ಮಸುಕಾಗತೊಡಗಿದರೆ ಅದು ಕೆಲವೇ ದಿನಗಳಲ್ಲಿ ಮೆತ್ತಗಾಗಿ ಕರಗಬಹುದು, ಹಾಗೆ ಹೋದ ದೃಷ್ಟಿ ಮರಳುವುದಿಲ್ಲ. ಆದ್ದರಿಂದ ನಂದಿಬಟ್ಟಲಿನ ರಸವಾಗಲಿ ಎದೆಹಾಲಾಗಲಿ ಯಾವುದನ್ನೂ ಕಣ್ಣಿಗೆ ಹಾಕಬೇಡಿ.

ಈಗ ಮನೆಮನೆಯಲ್ಲಿ ವಿದ್ಯುತ್ ದೀಪವಿರುವುದರಿಂದ ಇರುಳುಗುರುಡು ಬೇಗ ಗೊತ್ತಾಗುವುದಿಲ್ಲ. ನಾನು ತಾಯಂದಿರನ್ನು ‘ಮಗುವಿಗೆ ರಾತ್ರಿ ಕಣ್ಣು ಕಾಣುತ್ತದೆಯೇ’ ಎಂದು ಕೇಳುತ್ತಿರಲಿಲ್ಲ, ಹಾಗೆ ಕೇಳಿದರೆ ಎಲ್ಲರೂ ‘ಕಾಣುತ್ತದೆ’ ಎಂದೇ ಹೇಳುತ್ತಿದ್ದರು. ಮಳೆಗಾಲದಲ್ಲಿ ಕರೆಂಟು ಹೋದಾಗ ಉಳಿದ ಮಕ್ಕಳು ಓಡಾಡುತ್ತಿದ್ದರೂ ಇವನೊಬ್ಬ ಕುಳಿತಲ್ಲೇ ಕುಳಿತಿರುತ್ತಾನೆಯೇ, ಎದುರಿಗಿಟ್ಟ ಬಟ್ಟಲನ್ನು ಕೈಯಿಂದ ತಡವುತ್ತಾನೆಯೇ ಎಂದು ಕೇಳಿದಾಗ ಮಾತ್ರ ಅವರಿಗೆ ಥಟ್ಟನೆ ನೆನಪಾಗುತ್ತಿತ್ತು.

ತಾಯಿ ಕಾರ್ಡನ್ನು ತೆಗೆದು ನೋಡಿ. ನಮ್ಮ ದೇಶದಲ್ಲಿ 1970ರಿಂದ ನಡೆದುಬಂದಿರುವ, ಮಕ್ಕಳಿಗೆ ವಿಟಮಿನ್ ಎ ದ್ರಾವಣ ಕೊಡುವ ಕಾರ್ಯಕ್ರಮದಂತೆ, ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯೊಂದಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್, ಹೀಗೆ ಒಟ್ಟು ಒಂಬತ್ತು ಬಾರಿ ಈ ದ್ರಾವಣವನ್ನು ಬಾಯಿಗೆ ಹಾಕುತ್ತಾರೆ. ಮೊದಲ ಡೋಸ್ ಲಸಿಕೆಯ ಜೊತೆಗೇ ಆಗಿಹೋಗುತ್ತದೆ. ಇಂಜೆಕ್ಷನ್ ಮುಗಿಯಿತೆಂದು ಮನೆಯವರು ಬರುವುದನ್ನು ನಿಲ್ಲಿಸಿದ ಮೇಲೆ ತಪ್ಪಿಹೋಗುವುದು ನಂತರದವು, ಅಂತಹ ಖಾಲಿ ಚೌಕಗಳನ್ನು ನಾನು ಎಷ್ಟೋ ಕಾರ್ಡುಗಳಲ್ಲಿ ಬೇಸರದಿಂದ ನೋಡಿದ್ದೇನೆ. ದಡಾರ, ಎಡೆಬಿಡದ ಭೇದಿ, ಹೊಟ್ಟೆಹುಳು ಇವು ಇದ್ದ ಸಂಗ್ರಹವನ್ನೂ ಬೇಗ ಖರ್ಚು ಮಾಡಿಸುತ್ತವೆ ಅಥವಾ ತಿಂದದ್ದು ಮೈಗೆ ಹತ್ತದಂತೆ ಮಾಡುತ್ತವೆ, ಆದ್ದರಿಂದ ಇವುಗಳ ಬಗ್ಗೆಯೂ ವೈದ್ಯರಿಗೆ ಹೇಳಿ.

ಇನ್ನು ಊಟದ ವಿಷಯ. ಕ್ಯಾರೆಟ್ ಒಳ್ಳೆಯದೇ, ಆದರೆ ನಮ್ಮ ಕರಾವಳಿಯಲ್ಲಿ ಅದಕ್ಕಾಗಿ ಹಣ ಸುರಿಯಬೇಕಾಗಿಲ್ಲ. ಹಿತ್ತಿಲ ನುಗ್ಗೆಸೊಪ್ಪು, ಹರಿವೆ, ಬಸಳೆ, ಪತ್ರೊಡೆಯ ಕೆಸುವಿನ ಎಲೆ, ಚೆನ್ನಾಗಿ ಹಣ್ಣಾದ ಪಪ್ಪಾಯಿ ಮತ್ತು ಮಾವು, ಒಳಗೆ ಕೇಸರಿ ಬಣ್ಣವಿರುವ ಚೀನಿಕಾಯಿ, ಇವೆಲ್ಲದರಲ್ಲಿ ದೇಹವು ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಬೀಟಾ ಕ್ಯಾರೊಟಿನ್ ಇದೆ. ತೊಂದರೆ ಇರುವುದು ಬಟ್ಟಲಿನಲ್ಲಿ. ಬಸಳೆಯ ಗಸಿ ಖಾರವೆಂದು ದೊಡ್ಡವರ ಪಾಲಾಗುತ್ತದೆ, ಮಗುವಿಗೆ ಗಂಜಿ, ಉಪ್ಪಿನಕಾಯಿ, ನಡುವೆ ಬಿಸ್ಕತ್ತು. ಕುಚ್ಚಲಕ್ಕಿಯ ಗಂಜಿಯಲ್ಲಿ ಬೇರೆ ಗುಣಗಳಿದ್ದರೂ ಈ ವಿಟಮಿನ್ ಇಲ್ಲ. ಮೆಣಸು ಹಾಕುವ ಮೊದಲೇ ಬೆಂದ ಸೊಪ್ಪನ್ನು ಒಂದು ಸೌಟು ತೆಗೆದಿಟ್ಟು, ಕಿವುಚಿ, ಒಂದು ಚಮಚ ತೆಂಗಿನೆಣ್ಣೆ ಅಥವಾ ತುಪ್ಪ ಬೆರೆಸಿ ಗಂಜಿಯೊಂದಿಗೆ ಉಣಿಸಿ. ತೆಂಗಿನೆಣ್ಣೆಯಲ್ಲಿ ವಿಟಮಿನ್ ಎ ಇಲ್ಲ, ಆದರೆ ಕೊಬ್ಬಿನ ಜೊತೆಯಿಲ್ಲದೆ ಸೊಪ್ಪಿನ ಕ್ಯಾರೊಟಿನ್ ಕರುಳಿನಿಂದ ಸರಿಯಾಗಿ ಹೀರಲ್ಪಡುವುದಿಲ್ಲ. ಮನೆಯಲ್ಲಿ ದಿನವೂ ಬೂತಾಯಿ, ಬಂಗುಡೆ ಮಾಡುತ್ತೇವೆ, ಆದ್ದರಿಂದ ಚಿಂತೆಯಿಲ್ಲ ಎಂದು ಹಲವರು ಹೇಳುತ್ತಾರೆ. ಮೀನಿನಲ್ಲಿ ಈ ವಿಟಮಿನ್ ಹೇರಳವಾಗಿರುವುದು ಯಕೃತ್ತಿನಲ್ಲಿ, ಅದನ್ನು ನಾವು ಮೀನು ಹಸನು ಮಾಡುವಾಗಲೇ ಎಸೆದಿರುತ್ತೇವೆ. ಮೊಟ್ಟೆಯ ಹಳದಿ, ಹಾಲು ಮತ್ತು ಬೆಣ್ಣೆಯಲ್ಲಿರುವುದು ನೇರವಾಗಿ ಬಳಕೆಯಾಗುವ ರೂಪ.

ಮೆಡಿಕಲ್ ಅಂಗಡಿಯಿಂದ ತಂದು ನೀವಾಗಿಯೇ ಹೆಚ್ಚಿನ ಡೋಸ್ ಕೊಡಬೇಡಿ, ಇದು ನೀರಿನಲ್ಲಿ ಕರಗಿ ಹೊರಹೋಗುವ ವಿಟಮಿನ್ ಅಲ್ಲ. ಮಿತಿಮೀರಿದರೆ ತಲೆನೋವು, ವಾಂತಿ ಬರುತ್ತದೆ, ಯಕೃತ್ತಿಗೂ ಹಾನಿಯಾಗುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರಂತೂ ಆ ದ್ರಾವಣವನ್ನು ಮುಟ್ಟಲೇಬಾರದು, ಹೆಚ್ಚಿನ ಪ್ರಮಾಣ ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗಗಳನ್ನು ವಿರೂಪಗೊಳಿಸಬಹುದು. ಕಣ್ಣಿನಲ್ಲಿ ಕೊರತೆಯ ಗುರುತು ಕಂಡ ಒಂದು ವರ್ಷ ದಾಟಿದ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಆ ದಿನ, ಮರುದಿನ, ಎರಡು ವಾರಗಳ ನಂತರ ಹೀಗೆ ಮೂರು ಬಾರಿ 2 ಲಕ್ಷ ಯೂನಿಟ್ ಕೊಡುತ್ತಾರೆ, ಈ ಹಿಂದಿನ ಡೋಸ್ ಯಾವಾಗ ಕೊಟ್ಟದ್ದೆಂದು ನೋಡಲು ಅವರಿಗೆ ತಾಯಿ ಕಾರ್ಡ್ ಬೇಕಾಗುತ್ತದೆ. ಕೊರತೆಯೇ ಕಾರಣವಾಗಿದ್ದರೆ ಮಗುವಿನ ಸಂಜೆಯ ದೃಷ್ಟಿ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ, ಕಲೆ ಹೋಗಲು ಇನ್ನಷ್ಟು ಕಾಲ ಹಿಡಿಯಬಹುದು. ಡೋಸ್ ಮುಗಿದ ಮೇಲೂ ಅವನು ಸಂಜೆ ಎಡವುತ್ತಲೇ ಇದ್ದರೆ ವೈದ್ಯರಿಗೆ ಮತ್ತೆ ತೋರಿಸಿ, ಏಕೆಂದರೆ ತೀವ್ರ ಸಮೀಪದೃಷ್ಟಿಯಲ್ಲಿಯೂ, ವಂಶದಲ್ಲಿ ಬರುವ ಅಕ್ಷಿಪಟಲದ ಕೆಲವು ಕಾಯಿಲೆಗಳಲ್ಲಿಯೂ ಇರುಳುಗುರುಡು ಇರುತ್ತದೆ, ಅವುಗಳ ತಪಾಸಣೆ ಬೇರೆ.